ಎಂಟರಲ್ಲೊಂದು ಪಾಲು

ಪಾತ್ರೆ ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ಒದ್ದೆ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ಬಾಯಿ ಮುಚ್ಚಿಯೇ ಇತ್ತು. ಆದರೂ ನಂಬಿಕೆಯಿಲ್ಲ. ಹೋದ ವಾರ ಮನೆಯಿಂದ ಆನ್‌ಲೈನ್ ಪಾಠ ಹೇಳುವಾಗ ಲೈನು ಕೈಕೊಟ್ಟು, ಒಂದು ಶಾಲೆಯ ಹೆಡ್‌ಮಿಸ್ಸು ಮತ್ತು ತರಗತಿ ತುಂಬ ಮಕ್ಕಳ ಎದುರಿಗೆ ಅವಳ ಮುಖ ಕಂಪ್ಯೂಟರಿನ ಪರದೆಯ ಮೇಲೆ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತ್ತು. ಒಂದು ಕಣ್ಣು ಅರ್ಧ ಮುಚ್ಚಿ, ಇನ್ನೊಂದು ಅಗಲವಾಗಿ ತೆರೆದು, ಸೀನು ಬಂದೂ ಬಾರದೆ ಹೋದವಳ ಹಾಗೆ. ಯಾವುದೋ ಮಗು ಅದರ ಫೋಟೋ ತೆಗೆದು ಇನ್ನೊಂದು ಮಗುವಿಗೆ ಕಳಿಸಿ, ಅದು ಯಾರ ಯಾರ ಕೈ ದಾಟಿಯೋ ಕೊನೆಗೆ ಅಕ್ಕನ ಮೊಬೈಲಿಗೇ ಬಂದು ಬಿದ್ದಿತ್ತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. "ನೋಡೇ, ಇದು ನೀನೇ ಅಲ್ವಾ?" ಎಂದು ಫೋನನ್ನು ಮೂಗಿನ ಹತ್ತಿರ ಹಿಡಿದು ತೋರಿಸಿದ್ದಳು. ನಗದೆ ತೋರಿಸಿದ್ದಳು, ಅದೇ ಕಷ್ಟ. ನಕ್ಕುಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಅಂದಿನಿಂದ ಇವಳಿಗೆ ಒಂದು ಚಾಳಿ ಹತ್ತಿಕೊಂಡಿದೆ. ಬಟ್ಟೆ ಒಣಹಾಕುವಾಗ, ತರಕಾರಿ ಹೆಚ್ಚುವಾಗ, ಯಾರೂ ನೋಡದಿರುವಾಗ, ಬಾಯಿ ಮುಚ್ಚಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವುದು.

ಇವತ್ತು ನಾಲ್ಕು ಗಂಟೆಗೆ ಎರಡನೆಯ ಅವಕಾಶ. ಮನೆಯಿಂದಲೇ ಲೆಕ್ಕದ ಪಾಠ ಹೇಳುವ ಕೆಲಸ. ಹೆಡ್‌ಮಿಸ್ಸು ಒಳ್ಳೆಯವರೇ, ಫೋನಿನಲ್ಲಿ ಮೆಲ್ಲಗೆ ಹೇಳಿದ್ದರು, "ಇನ್ನೊಂದು ಸಲ ನೋಡೋಣ. ಆಗ್ಲೂ ಲೈನು ಹೋದ್ರೆ ನಾವು ಬೇರೆಯವರನ್ನ ನೋಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ." ಬೇಜಾರಂತೆ! ಮದುವೆಗೆ ಮುಂಚೆ ಅವಳು ಟೀಚರ್ ಆಗಿದ್ದಳು. ಬೀದಿಯಲ್ಲಿ ಹೋಗುತ್ತಿದ್ದರೆ ಸೈಕಲ್ಲಿನ ಮೇಲಿಂದ ಹುಡುಗರು "ಟೀಚರ್!" ಎಂದು ಕೂಗಿ ಬೀಳುವಷ್ಟು ವಾಲುತ್ತಿದ್ದರು. ಈ ಮನೆಗೆ ಬಂದ ಮೇಲೆ ಅವಳು 'ಚಿಕ್ಕವಳು'. ತಲೆಯಲ್ಲಿ ಬಿಳಿಕೂದಲು ಬಂದರೂ ಚಿಕ್ಕವಳೇ. ಚಿಕ್ಕವಳೇ, ಟೀ ಆಯ್ತಾ. ಚಿಕ್ಕವಳಿಗೆ ಹೇಳಿ, ಅವಳು ನೋಡ್ಕೋತಾಳೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ, ಪ್ರೀತಿಯೂ ಇದೆ. ಆದರೆ ಹೋದ ವಾರ, ಪರದೆ ಕಲ್ಲಾಗುವ ಮುಂಚೆ, ಒಂದು ಪುಟ್ಟ ಹುಡುಗಿ "ಟೀಚರ್, ನಂಗೊಂದು ಡೌಟು" ಎಂದಾಗ ಇವಳ ಮೈಯೆಲ್ಲ ಜುಮ್ಮೆಂದಿತ್ತು. ಆ ಡೌಟು ಏನೆಂದು ಕೇಳಿಸುವುದರೊಳಗೆ ಎಲ್ಲ ನಿಂತುಹೋಯಿತು. ಏನಿದ್ದಿರಬಹುದು ಆ ಡೌಟು? ಪಾತ್ರೆಗಳನ್ನು ಕವುಚಿಡುತ್ತ ಅವಳು ಇವತ್ತೂ ಅದನ್ನೇ ಯೋಚಿಸಿದಳು.

ಅಂದು ಮನೆಯವರು ಕಮ್ಮಿ ತ್ಯಾಗ ಮಾಡಿರಲಿಲ್ಲ. ಟಿವಿ, ಇಂಟರ್ನೆಟ್ಟು ಎರಡಕ್ಕೂ ಒಂದೇ ಕೇಬಲ್ಲು, ಟಿವಿ ಓಡುತ್ತಿದ್ದರೆ ಇಂಟರ್ನೆಟ್ಟಿಗೆ ಶಕ್ತಿ ಸಾಲುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಪಾಠದ ಹೊತ್ತಿಗೆ ಎಲ್ಲ ಟಿವಿ ಆರಿಸಿದ್ದರು. ಮಾವ ಹಾಲಿನಲ್ಲಿ ಕಪ್ಪು ಪರದೆಯ ಎದುರಿಗೇ ಕೂತಿದ್ದರು, ಕೈ ತೊಡೆಯ ಮೇಲಿಟ್ಟುಕೊಂಡು, ಸಾವಿನ ಮನೆಯಲ್ಲಿ ಕೂತವರ ಹಾಗೆ. ಅಕ್ಕ ಮಹಡಿಯ ಕೋಣೆಯಲ್ಲಿ ತನ್ನ ಧಾರಾವಾಹಿಯ ಹೊತ್ತನ್ನು ಗೋಡೆ ನೋಡಿಕೊಂಡು ಕಳೆದಳು. ಇಷ್ಟೆಲ್ಲ ಮಾಡಿಯೂ ಲೈನು ಹೋಯಿತು. ಮೆಟ್ಟಿಲ ತಿರುವಿನಲ್ಲಿ, ಮೋಡೆಮ್ಮಿನ ಪಕ್ಕ, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದವಳಿಗೆ ಮೋಡೆಮ್ಮಿನ ದೀಪ ಮಿಣಕ್ ಮಿಣಕ್ ಎನ್ನುವುದು ಕಂಡಿತು, ಕೆಳಗಿನಿಂದ ಮಾವನ ಕೆಮ್ಮು ಕೇಳಿತು, ಮೇಲಿನಿಂದ ಅಕ್ಕನ ದನಿ: "ಆಯ್ತೇನೇ? ಹಾಕ್ಕೊಳ್ಳಲಾ?" ಆಮೇಲೆ ಟೀ ಹೊತ್ತಿಗೆ ಅದೇ ಅಕ್ಕ ಸಕ್ಕರೆ ಕಲಕುತ್ತ, ಲೋಟಕ್ಕೆ ಹೇಳುವವಳ ಹಾಗೆ, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು. ಟಿವಿ ಆರಿಸಿಯೂ ಆಗಲಿಲ್ಲವೆಂದರೆ ತಪ್ಪು ಟಿವಿಯದಲ್ಲ, ಇವಳದೇ ಎಂದಾಯಿತಲ್ಲ. ಗಂಡ ಪಾಪ, "ಬಿಡೇ, ಕೇಬಲಿನೋನಿಗೆ ಹೇಳ್ತೀನಿ" ಎಂದು ಕೆಲಸಕ್ಕೆ ಹೋದ. ಕೇಬಲಿನವನಿಗೆ ಅವಳೇ ಎಷ್ಟು ಸಲ ಫೋನು ಮಾಡಿದಳೋ. "ಮೇಡಂ, ಬೀದಿ ಲೈನಲ್ಲಿ ಸಿಗ್ನಲ್ ಫುಲ್ ಇದೆ ಮೇಡಂ. ಪ್ರಾಬ್ಲಮ್ ನಿಮ್ಮ ಮನೆ ಒಳಗೇ. ನಾಳೆ ಬರ್ತೀನಿ." ಅವನ ನಾಳೆ ಇನ್ನೂ ಬಂದಿಲ್ಲ.

ಮನೆ ಒಳಗೇ. ಕೈ ಒರೆಸಿಕೊಳ್ಳುತ್ತ ಅವಳು ಆ ಮಾತನ್ನು ಮತ್ತೆ ನಾಲಿಗೆಯ ಮೇಲೆ ಹೊರಳಿಸಿದಳು. ಹಾಲಿಗೆ ಬಂದಳು. ಮಾವ ಫುಟ್‌ಬಾಲ್ ನೋಡುತ್ತಿದ್ದರು. ಕಿಟಕಿಯ ಮೂಲೆಯಲ್ಲಿ ಕೊರೆದ ತೂತಿನಿಂದ ಬೀದಿಯ ಕರಿ ಕೇಬಲ್ಲು ಒಳಗೆ ಬಂದು ಟಿವಿಯ ಹಿಂದೆ ಇಳಿದಿತ್ತು. ಇಷ್ಟು ವರ್ಷ ಅದರ ಕೆಳಗೆ ಕಸ ಗುಡಿಸಿದ್ದಾಳೆ, ಅದರ ಮೇಲಿನ ಧೂಳು ಒರೆಸಿದ್ದಾಳೆ, ಆದರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿದವಳಲ್ಲ. ಈಗ ಬಗ್ಗಿ ಬೆರಳಿಟ್ಟು ಹೊರಟಳು. ಟಿವಿಯ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಲೋಹದ ತುಂಡು, ಸ್ಪ್ಲಿಟರ್. ಒಂದು ಕಡೆ ಲೈನು ಒಳಗೆ ಹೋಗುತ್ತದೆ, ಇನ್ನೊಂದು ಕಡೆ ಎರಡಾಗಿ ಹೊರಗೆ ಬರುತ್ತದೆ. ಒಂದು ಮಾವನ ಟಿವಿಗೆ. ಇನ್ನೊಂದು ಗೋಡೆ ಹಿಡಿದು ಅತ್ತೆಯ ಕೋಣೆಯ ಬಾಗಿಲಿಗೆ. ಅಲ್ಲಿ ಮತ್ತೊಂದು ಸ್ಪ್ಲಿಟರ್, ಮತ್ತೆ ಎರಡು: ಒಂದು ಕೋಣೆಯೊಳಕ್ಕೆ, ಒಂದು ಮೆಟ್ಟಿಲು ಹತ್ತಿ ಅಕ್ಕನ ಕೋಣೆಗೆ. ಅಕ್ಕನ ಟಿವಿಯ ಹಿಂದೆ ಮೂರನೆಯದು. ಅದರಿಂದ ಒಂದು ಅಕ್ಕನ ಟಿವಿಗೆ, ಉಳಿದ ಬಾಲ ಕೆಳಗಿಳಿದು ಮೆಟ್ಟಿಲ ತಿರುವಿನ ಮೋಡೆಮ್ಮಿಗೆ. ಮೋಡೆಮ್ಮು ಹಾಕಲು ಬಂದ ದಿನ ಕೇಬಲಿನವನು ತಲೆ ಕೆರೆದುಕೊಂಡಿದ್ದ, ಈಗ ನೆನಪಾಯಿತು, ಅವಳು ಟೀ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. "ಸರ್, ಇದಕ್ಕೆ ಮೊದಲು ಕೊಡೋಣ ಸರ್. ಪ್ರತಿ ಸಲ ಒಡೆದಾಗ ಅರ್ಧ ಅರ್ಧ ಆಗುತ್ತೆ." ಮಾವ ಪೇಪರಿನಿಂದ ತಲೆ ಎತ್ತದೆ, "ಮೊನ್ನೆ ಬಂದಿದ್ದು ಮುಂದೆ ಕೂರುತ್ತೇನಯ್ಯಾ? ದೊಡ್ಡೋರಿಂದ ಶುರು ಮಾಡು" ಎಂದಿದ್ದರು. ಈ ಮನೆಯಲ್ಲಿ ಎಲ್ಲಕ್ಕೂ ಅದೇ ಸಾಲು. ಪೇಪರು ಮೊದಲು ಮಾವ, ಆಮೇಲೆ ಭಾವ, ಆಮೇಲೆ ಅಕ್ಕ. ಇವಳ ಕೈಗೆ ಬರುವ ಹೊತ್ತಿಗೆ ಪದಬಂಧ ತುಂಬಿಯಾಗಿರುತ್ತದೆ. ಬಿಸಿನೀರಿಗೂ ಅದೇ, ಟೀಗೂ ಅದೇ. ಕೇಬಲ್ಲಿಗೂ ಅದೇ ಸಾಲು ಹಚ್ಚಿದ್ದರು, ಅಷ್ಟೆ. ವಿದ್ಯುತ್ತಿಗೇನು ಗೊತ್ತು ಯಾರು ಹಿರಿಯರು ಎಂದು!

ಮೆಟ್ಟಿಲ ಮೇಲೆ ಕೂತು ಅವಳು ಬೆರಳಿನಿಂದ ಮೊಣಕಾಲ ಮೇಲೆ ಲೆಕ್ಕ ಬರೆದಳು. ಮಾವನಿಗೆ ಅರ್ಧ. ಉಳಿದರ್ಧದಲ್ಲಿ ಅರ್ಧ, ಅಂದರೆ ಕಾಲು, ಅತ್ತೆಯ ಕೋಣೆಗೆ. ಉಳಿದ ಕಾಲಿನಲ್ಲಿ ಅರ್ಧ ಅಕ್ಕನಿಗೆ, ಅರ್ಧ ಮೋಡೆಮ್ಮಿಗೆ. ಎಂಟರಲ್ಲೊಂದು ಪಾಲು. ಅಯ್ಯೋ ದೇವರೇ, ನಾಲ್ಕನೇ ಕ್ಲಾಸಿನ ಭಿನ್ನರಾಶಿ! ಟಿವಿ ಆರಿಸಿದ್ದರಿಂದ ಏನಾಗಬೇಕಿತ್ತು? ಪಾಲು ಮಾಡುವುದು ಸ್ಪ್ಲಿಟರು, ಟಿವಿಯಲ್ಲ. ಎಲೆ ಮುಂದೆ ಕೂತವನು ಉಣ್ಣದೆ ಎದ್ದುಹೋದರೂ ಬಡಿಸಿದ್ದು ಬಡಿಸಿದ್ದೇ, ಅದೇನು ಪಾತ್ರೆಗೆ ವಾಪಸು ಬರುತ್ತದೆಯೇ? ತಪ್ಪು ತನ್ನದಲ್ಲ. ತನ್ನದಲ್ಲ! ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು, ನೆಲ ಡೊಂಕೇ ಇತ್ತು ಕಣೇ ಅಕ್ಕಾ ಎಂದು ಕೂಗಬೇಕೆನ್ನಿಸಿತು. ಆದರೆ ಮರುಕ್ಷಣವೇ ಅತ್ತೆಯ ಕೋಣೆಯ ಆ ಕಾಲುಪಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಹಾಸಿಗೆ ಹಿಡಿದ ಮೇಲೆ ಅತ್ತೆಗೆಂದೇ ಅಲ್ಲೊಂದು ಟಿವಿ ಹಾಕಿಸಿದ್ದರು. ಅತ್ತೆ ಹೋದರು, ಆ ಟಿವಿಯೂ ಕೆಟ್ಟು ಹೋಯಿತು, ಕೇಬಲ್ಲು ಮಾತ್ರ ಬೀರುವಿನ ಹಿಂದೆ ತುದಿ ಬಿಚ್ಚಿಕೊಂಡು ಹಾಗೇ ನೇತಾಡುತ್ತಿದೆ. ಆ ಕೋಣೆಯಲ್ಲಿ ಒಂದು ಸಾಮಾನನ್ನೂ ಕದಲಿಸಲು ಮಾವ ಬಿಟ್ಟಿರಲಿಲ್ಲ; ತಾವು ಮಾತ್ರ ಹಾಲಿನಲ್ಲಿ ಮಲಗುತ್ತಿದ್ದರು. ಖಾಲಿ ಗೋಡೆಗೆ ಕಾಲುಪಾಲು, ಬದುಕಿ ಓಡಾಡುತ್ತಿರುವವಳಿಗೆ ಅದರಲ್ಲಿ ಅರ್ಧ. ಸತ್ತವರ ಪಾಲಿಗೆ ಕಣ್ಣು ಹಾಕಿದೆಯಲ್ಲೇ, ಎಂದು ತನ್ನನ್ನೇ ಬೈದುಕೊಂಡಳು. ಅತ್ತೆ ಕೆಟ್ಟವರಾಗಿರಲಿಲ್ಲ. ಇವಳ ಕೈಯಲ್ಲಿ ಊಟ ಮಾಡಿಸಿಕೊಳ್ಳುತ್ತ, ಟಿವಿಯ ದನಿ ತಗ್ಗಿಸಿ, "ನೀನು ಮಕ್ಕಳಿಗೆ ಏನು ಹೇಳ್ಕೊಡ್ತಿದ್ದೆ, ನನಗೂ ಹೇಳು" ಎಂದು ಕೇಳಿದ್ದು ಈ ಮನೆಯಲ್ಲಿ ಅವರೊಬ್ಬರೇ. ಹೇಳಲು ಹೋದರೆ ನಿದ್ದೆ ಹೋಗಿಬಿಡುತ್ತಿದ್ದರು, ಅದು ಬೇರೆ ಮಾತು.

ಕೇಳುವುದು ಹೇಗೆ? ಮೊದಲ ಪಾಲು ನನಗೆ ಬೇಕು ಎಂದು ಬಾಯಿಬಿಟ್ಟು ಹೇಳುವುದನ್ನು ಅವಳು ಎಂದೂ ಕಲಿತಿರಲಿಲ್ಲ. ತವರಿನಲ್ಲೂ ಕೊನೆಯವಳೇ. ಹಾಲಿನ ಬಾಗಿಲಲ್ಲಿ ಎರಡು ಸಲ ನಿಂತು ಎರಡು ಸಲ ಹಿಂದೆ ಹೋದಳು. ಮೂರನೇ ಸಲ ಮಾವನೇ ಕಣ್ಣು ಪರದೆಯ ಮೇಲಿಟ್ಟುಕೊಂಡು ಕೇಳಿದರು.

"ಏನು ಚಿಕ್ಕವಳೇ, ಬೆಕ್ಕಿನ ಹಾಗೆ ಸುಳಿದಾಡ್ತಿದ್ದೀಯ?"

"ಮಾವ, ನೀವು ನೀರಿನ ಆಫೀಸಲ್ಲಿದ್ದಾಗ..." ಬಾಯಿಂದ ಇದೇ ಯಾಕೆ ಬಂತೋ. ಮಾವ ಜೀವಮಾನವೆಲ್ಲ ನೀರು ಸರಬರಾಜಿನಲ್ಲಿ ದುಡಿದವರು, ಬೀದಿ ಬೀದಿಯ ವಾಲ್ವುಗಳಿಗೆ ಮೇಸ್ತ್ರಿ. "ಬೀದೀಲಿ ಕೊನೇ ಮನೆಗೆ ನೀರು ಹತ್ತದಿದ್ರೆ ಏನು ಮಾಡ್ತಿದ್ರಿ?"

"ಮಾಡೋದೇನು, ಮೇಲಿನೋರ ವಾಲ್ವು ತಿರುಗಿಸ್ತಿದ್ದೆ. ಬೈಸ್ಕೋತಿದ್ದೆ." ಮಾವ ನಕ್ಕರು. "ಕೊನೇ ಮನೆಯೋರು ಬಡಪಾಯಿಗಳು, ಕೊಡ ಹಿಡ್ಕೊಂಡು ಬಂದು ನಿಲ್ಲೋರು. ಮೊದಲನೇ ಮನೆಯೋನು ಗೇಟಿಗೆ ಬಂದು ಕೂಗಾಡೋನು, ನಮ್ಮ ನಲ್ಲಿ ಸಣ್ಣಗಾಯ್ತು ಅಂತ. ಸಣ್ಣಗೆ ಬಂದ್ರೂ ಅವನ ಡ್ರಮ್ಮು ತುಂಬೇ ತುಂಬೋದು. ಕೂಗೋದು ಚಟ."

"ಈ ಮನೇಲಿ ಮೊದಲನೇ ಮನೆ ನೀವು ಮಾವ." ಹೇಳಿಯೇಬಿಟ್ಟಳು. "ಕೊಡ ಹಿಡ್ಕೊಂಡು ನಿಂತಿರೋಳು ನಾನು."

ಮಾವ ಟಿವಿಯ ದನಿ ನಿಲ್ಲಿಸಿದರು. ಇನ್ನು ಸಿಡಿಯುತ್ತಾರೆ ಎಂದುಕೊಂಡಳು. ಸಿಡಿಯಲಿಲ್ಲ. "ಎಲ್ಲಿ, ತೋರಿಸು" ಎಂದು ಎದ್ದರು. ಅವಳು ಕೇಬಲ್ಲಿನ ದಾರಿಯುದ್ದಕ್ಕೂ ಬೆರಳಿಟ್ಟು ಅರ್ಧ, ಕಾಲು, ಎಂಟರಲ್ಲೊಂದು ಎಂದು ಹೇಳುತ್ತ ಹೋದಳು, ಅವರು ಕೈ ಹಿಂದೆ ಕಟ್ಟಿಕೊಂಡು ಹಿಂದೆ ಹಿಂದೆ ಬಂದರು. ಅವಳ ಉಪಾಯ ಇಷ್ಟೆ: ಮೋಡೆಮ್ಮನ್ನು ಹಾಲಿಗೆ ತಂದು ಮೊದಲ ಸ್ಪ್ಲಿಟರಿನಿಂದ ಅದಕ್ಕೆ ನೇರ ಅರ್ಧ ಕೊಡುವುದು. ಉಳಿದ ಅರ್ಧವನ್ನು ಟಿವಿಗಳು ಹಂಚಿಕೊಳ್ಳಲಿ. ಟಿವಿಗೆ ಅಷ್ಟು ಸಾಕು ಮಾವ, ಅದು ಬರೀ ಕೇಳಿಸಿಕೊಳ್ಳುತ್ತೆ, ಮೋಡೆಮ್ಮು ಕೇಳಿಸಿಕೊಂಡು ಮಾತೂ ಆಡಬೇಕು. ಅತ್ತೆಯ ಕೋಣೆಯ ಬಾಗಿಲಿಗೆ ಬಂದಾಗ ಅವಳ ದನಿ ತಾನೇ ತಾನಾಗಿ ಇಳಿಯಿತು. "ಇಲ್ಲಿಗೊಂದು ಕವಲು ಹೋಗಿದೆ. ಇದು ಇರಲಿ ಬಿಡಿ ಮಾವ, ಇದನ್ನ ನಾನು ಮುಟ್ಟಲ್ಲ."

"ಆ ಕಡೆ ಏನಿದೆ?"

"ಏನೂ ಇಲ್ಲ. ತುದಿ ಸುಮ್ನೆ ನೇತಾಡ್ತಿದೆ."

"ಅಂದ್ರೆ ನಲ್ಲಿ ಇಲ್ಲದ ಪೈಪು. ನೀರೆಲ್ಲ ಚರಂಡಿಗೆ."

ಮಾವ ಕೋಣೆಯ ಬಾಗಿಲು ತೆರೆದರು. ಮಂಚ, ಹಾಸಿಗೆಯ ಮೇಲೆ ಮಡಿಸಿಟ್ಟ ಹೊದಿಕೆ, ಕಿಟಕಿಯ ಬಳಿ ಒಂದು ಮೇಜು. ಗಾಳಿಯಾಡದ ವಾಸನೆ. ಅವರು ಬೀರುವಿನ ಹಿಂದೆ ಕೈ ಹಾಕಿ ಕೇಬಲ್ಲಿನ ತುದಿಯನ್ನು ಎಳೆದು, ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು ನಿಂತರು. ಅವಳಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಕೇಳಬಾರದಿತ್ತು, ಕೇಳಬಾರದಿತ್ತು, ಯಾವ ಕೆಲಸವೂ ಬೇಡ, ಎಂದು ಅವಳ ಒಳಗೊಂದು ದನಿ ಬಡಬಡಿಸತೊಡಗಿತು. ಮಾವ ಹೊರಗೆ ಬಂದು ಬಾಗಿಲ ಚೌಕಟ್ಟಿನ ಮೇಲಿದ್ದ ಸ್ಪ್ಲಿಟರನ್ನು ತಮ್ಮ ಕೈಯಿಂದಲೇ ತಿರುವಿ ಬಿಚ್ಚಿದರು. ವಾಲ್ವು ತಿರುಗಿಸಿದ ಬೆರಳುಗಳು. ಬಿಗಿಯಾದ ತಿರುಪು ಒಂದೇ ಪಟ್ಟಿಗೆ ಸಡಿಲಾಯಿತು. "ಅವಳು ಇದ್ದಿದ್ರೆ ನನ್ನನ್ನೇ ಬೈತಿದ್ಲು" ಎಂದರು, ಕಣ್ಣೊರೆಸಿಕೊಳ್ಳದೆ, ಕಣ್ಣು ಒದ್ದೆಯಾದದ್ದನ್ನು ಮುಚ್ಚಿಡದೆ. "ನೀರು ಪೋಲಾದ್ರೆ ಅವಳಿಗೆ ಸೇರ್ತಿರಲಿಲ್ಲ. ಹೂಂ, ಏನು ನೋಡ್ತಾ ನಿಂತೆ? ನಾಲ್ಕು ಗಂಟೆಗಲ್ವಾ ನಿಂದು?"

ಬಿಚ್ಚಿದ ಎರಡು ತುದಿಗಳನ್ನು ಸೇರಿಸಲು ಎರಡೂ ಕಡೆ ತಿರುಪಿರುವ ಪುಟ್ಟ ಕೊಳವೆಯೊಂದು ಮೋಡೆಮ್ಮಿನ ಡಬ್ಬಿಯಲ್ಲೇ ಬಿದ್ದಿತ್ತು. ಮಾವನೇ ಅದನ್ನು ಕೂರಿಸಿದರು. ಅವಳು ಮಹಡಿಗೆ ಓಡಿದಳು. ಅಕ್ಕ ಮಂಚದ ಮೇಲೆ ಒರಗಿದ್ದವಳು ಎದ್ದು ಕೂತಳು.

"ಏಯ್, ಏಯ್, ನನ್ನ ಟಿವಿ ಯಾಕೆ ಮುಟ್ತಿದ್ದೀಯ? ಇನ್ನರ್ಧ ಗಂಟೆಗೆ ನಂದು ಶುರುವಾಗುತ್ತೆ!"

"ನಿನ್ನ ಪಾಲು ಎರಡರಷ್ಟು ಮಾಡ್ತಿದ್ದೀನಿ, ಸುಮ್ನಿರಕ್ಕ."

"ನೀನಾ? ಮೊನ್ನೆ ಬಲ್ಬು ಹಾಕೋಕೆ ಹೋಗಿ ಹೋಲ್ಡರೇ ಕಿತ್ತಿಟ್ಟೋಳು! ಮಾವಂಗೆ ಹೇಳ್ತೀನಿ ನೋಡು."

"ಮಾವ ಕೆಳಗೆ ಪೈಪು ಜೋಡಿಸ್ತಿದ್ದಾರೆ, ಹೋಗಿ ಹೇಳು" ಎಂದಳು ಇವಳು, ಟಿವಿಯ ಹಿಂದೆ ತಲೆ ತೂರಿಸಿಕೊಂಡೇ. ತಾನು ಹೀಗೆ ಮಾತಾಡಬಲ್ಲೆ ಎಂದು ಅವಳಿಗೇ ಗೊತ್ತಿರಲಿಲ್ಲ. ಸ್ಪ್ಲಿಟರು ಬಿಚ್ಚಿ, ಕೆಳಗಿನಿಂದ ಬಂದ ಲೈನನ್ನು ನೇರ ಟಿವಿಗೇ ತಿರುವಿದಳು. ತಿರುಪು ಮೊದಲು ಅಡ್ಡಡ್ಡ ಕಚ್ಚಿತು, ಹಿಂದಕ್ಕೆ ತಿರುಗಿಸಿ ಸಮಾಧಾನದಿಂದ ಮತ್ತೆ ಹಿಡಿದಳು, ನಡುವಿನ ತಾಮ್ರದ ಎಳೆ ತೂತಿನೊಳಗೆ ನೆಟ್ಟಗೆ ಕೂತದ್ದು ಬೆರಳಿಗೇ ತಿಳಿಯಿತು. ಬಿಚ್ಚಿದ ಸ್ಪ್ಲಿಟರನ್ನು ಸೆರಗಿಗೆ ಸಿಕ್ಕಿಸಿಕೊಂಡು, ಮೋಡೆಮ್ಮನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದಳು. ಹಾಲಿನಲ್ಲಿ ಬೀದಿಯ ಲೈನು, ಮೊದಲ ಸ್ಪ್ಲಿಟರು, ಅದರ ಒಂದು ಕವಲು ಮೋಡೆಮ್ಮಿಗೆ. ಇನ್ನೊಂದು ಕವಲಿಗೆ ಮಹಡಿಯಿಂದ ತಂದ ಸ್ಪ್ಲಿಟರು. ಅಲ್ಲಿಂದ ಮಾವನಿಗೊಂದು, ಅಕ್ಕನಿಗೊಂದು. ಮಾವ ಟಾರ್ಚು ಹಿಡಿದು ನಿಂತರು. "ಬಿಗಿ ಮಾಡು, ಬಿಗಿ ಮಾಡು, ಸೋರುತ್ತೆ" ಎಂದು ಅಭ್ಯಾಸಬಲದಿಂದ ಹೇಳುತ್ತಲೇ ಇದ್ದರು.

ಮೋಡೆಮ್ಮಿನ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಕೊನೆಯದು ಮಿಣುಕಿತು, ಮಿಣುಕಿತು, ನಿಂತಿತು. ಅಲುಗದ ಹಸಿರು. ಈ ಮನೆಯಲ್ಲಿ ಆ ದೀಪ ಅಷ್ಟು ಸಮಾಧಾನವಾಗಿ ಉರಿದದ್ದನ್ನು ಅವಳು ನೋಡಿರಲಿಲ್ಲ. ಕೂಡಲೇ ಮೇಲಿನಿಂದ ಅಕ್ಕನ ಕಿರುಚು ಕೇಳಿತು. ಏನು ಸುಟ್ಟುಹೋಯಿತೋ ಎಂದು ಇಬ್ಬರೂ ಮೆಟ್ಟಿಲ ಬುಡಕ್ಕೆ ಓಡಿದರೆ, ಅಕ್ಕ ಕಟಕಟೆ ಹಿಡಿದು ಬಗ್ಗಿ ನಿಂತಿದ್ದಾಳೆ. "ಲೇ ಚಿಕ್ಕವಳೇ! ನನ್ನ ಧಾರಾವಾಹಿ ಪ್ರೋಮೋ ಬಂತು, ಆ ವಿಲನ್ ಹೆಂಗಸಿನ ಕೆನ್ನೆ ಮೇಲೆ ಮಚ್ಚೆ ಇದೆ ಕಣೇ! ಇಷ್ಟು ವರ್ಷ ಮಂಜು ಮಂಜಾಗಿ ಕಾಣ್ತಿತ್ತು, ನನಗೆ ಗೊತ್ತೇ ಇರ್ಲಿಲ್ಲ!" ಮಾವ ತಮ್ಮ ಟಿವಿ ಹಾಕಿ ಹತ್ತಿರದಿಂದ, ದೂರದಿಂದ, ಓರೆಯಿಂದ ನೋಡಿದರು. "ನಂದೇನೂ ಕಮ್ಮಿ ಆಗಲಿಲ್ವಲ್ಲ" ಎಂದರು. ಸಂತೋಷವೋ ನಿರಾಸೆಯೋ ಹೇಳುವುದು ಕಷ್ಟವಾಗಿತ್ತು. ಗೇಟಿಗೆ ಬಂದು ಕೂಗಾಡಲು ಕಾರಣವೇ ಸಿಗದ ಮೊದಲನೇ ಮನೆಯವರು!

"ಆರಿಸಲಾ?" ಎಂದರು, ಪಾಠದ ಹೊತ್ತು ಹತ್ತಿರವಾದಾಗ.

"ಬೇಡ ಮಾವ, ಓಡಲಿ. ಅಕ್ಕಾ, ನಿಂದೂ ಓಡಲಿ!"

ಕೂರುವುದೆಲ್ಲಿ ಎಂದು ಅವಳು ಸ್ಟೂಲು ಹುಡುಕುತ್ತಿದ್ದರೆ ಮಾವ ಅತ್ತೆಯ ಕೋಣೆಯ ಕಿಟಕಿ ತೆರೆದು, ಮೇಜಿನ ಧೂಳನ್ನು ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು. "ಇಲ್ಲೇ ಕೂತ್ಕೋ. ಬೆಳಕಿದೆ." ಇಷ್ಟೇ ಹೇಳಿದ್ದು. ಅವಳಿಗೆ ಅಳು ಬಂದುಬಿಡುತ್ತದೆನ್ನಿಸಿ ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಅದರ ಹಿಂದೆ ಮುಖ ಮರೆಮಾಡಿಕೊಂಡಳು. ಕಿಟಕಿಯಿಂದ ಬೀದಿಯ ಗಾಳಿ ಬಂತು. ಅತ್ತೆಗೆ ಹೇಳಹೊರಟು ಅರ್ಧಕ್ಕೆ ನಿಂತ ಎಷ್ಟೋ ಪಾಠಗಳು ಈ ಗೋಡೆಗಳಲ್ಲಿವೆ ಎನ್ನಿಸಿತು. ಗಂಟೆ ನಾಲ್ಕಾಯಿತು. ಪರದೆಯ ತುಂಬ ಮಕ್ಕಳ ಮುಖಗಳು ಮೂಡಿದವು. ಮೂಲೆಯಲ್ಲಿ ಹೆಡ್‌ಮಿಸ್ಸಿನ ಕನ್ನಡಕ. ಯಾರೋ ಒಬ್ಬ ಹುಡುಗ ಅವಳ ಹಳೆಯ ಫೋಟೋದ ಹಾಗೆ ಬಾಯಿ ತೆರೆದು ಅಣಕಿಸಿದ, ಪಕ್ಕದವನು ಕಿಸಕ್ಕೆಂದ. ಮೊದಲಾಗಿದ್ದರೆ ಅಷ್ಟಕ್ಕೇ ಕುಸಿದುಹೋಗುತ್ತಿದ್ದಳು. ಈಗ ನಕ್ಕಳು. "ಚೆನ್ನಾಗಿ ಮಾಡ್ತೀಯಪ್ಪ, ಒಂದು ಕಣ್ಣು ಅರ್ಧ ಮುಚ್ಚಬೇಕು, ಅದನ್ನ ಮರೆತೆ" ಎಂದಳು. ತರಗತಿಯೆಲ್ಲ ಗೊಳ್ಳೆಂದಿತು, ಹುಡುಗ ನಾಚಿ ಕೆಳಗೆ ಜಾರಿದ, ಮತ್ತೆ ಅವನೇ ಎಲ್ಲರಿಗಿಂತ ಮುಂದೆ ಬಂದು ಕೂತ.

ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದ ಪಾಠ ಎಲ್ಲಿ ಹೋಯಿತೋ. ಅವಳು ಒಂದು ಮನೆಯ ಕಥೆ ಶುರುಮಾಡಿದ್ದಳು: ಆ ಮನೆಗೆ ಬೀದಿಯಿಂದ ಒಂದು ಲೈನು ಬರುತ್ತದೆ, ಮನೆಯಲ್ಲಿ ಮೊದಲು ಕೂತವರು ಅರ್ಧ ತೆಗೆದುಕೊಳ್ಳುತ್ತಾರೆ, ಎರಡನೆಯವರು ಉಳಿದದ್ದರಲ್ಲಿ ಅರ್ಧ. ಮಕ್ಕಳು ಕೂಗಿ ಕೂಗಿ ಲೆಕ್ಕ ಹೇಳಿದರು. ಅನ್ಯಾಯ ಟೀಚರ್, ಎಂದಿತು ಒಂದು ಮಗು. ಕೊನೆಯವರನ್ನು ಮೊದಲು ಕೂರಿಸಿ, ಎಂದಿತು ಇನ್ನೊಂದು. ಹಾಲಿನಲ್ಲಿ ಗೋಲಾಗಿರಬೇಕು, ಟಿವಿಯೊಳಗಿನ ಸಾವಿರಾರು ಜನರ ಜೊತೆಗೆ ಮಾವನೂ ಹೋ ಎಂದು ಕೂಗಿದರು. ಮಹಡಿಯಲ್ಲಿ ವಿಲನ್ ಹೆಂಗಸು ಗಹಗಹಿಸುತ್ತಿದ್ದಳು. ಇಷ್ಟು ಗದ್ದಲದ ನಡುವೆ ತನ್ನ ದನಿ ಒಂದು ಅಕ್ಷರವೂ ತುಂಡಾಗದೆ ಎಲ್ಲಿಗೋ ಹೋಗಿ ಮುಟ್ಟುತ್ತಿದೆ, ಅಲ್ಲಿಂದ ಮಾತು ಬರುತ್ತಿದೆ! ಆ ಖುಷಿಯಲ್ಲಿ ಅವಳು ಯೋಚಿಸಿಯೇ ಇರದ ಪ್ರಶ್ನೆಯೊಂದನ್ನು ಕೇಳಿಬಿಟ್ಟಳು. "ಈಗ ಹೇಳಿ. ಆ ಮನೆಗೆ ಇನ್ನೊಬ್ಬರು ಬಂದ್ರು, ಅವರಾದ ಮೇಲೆ ಇನ್ನೊಬ್ಬರು. ಪ್ರತಿಯೊಬ್ಬರೂ ಉಳಿದದ್ದರಲ್ಲಿ ಅರ್ಧ ಮಾತ್ರ ತಗೋತಾರೆ. ಹೀಗೇ ಹಂಚ್ತಾ ಹೋದ್ರೆ ಆ ಲೈನು ಯಾವತ್ತಾದ್ರೂ ಪೂರ್ತಿ ಮುಗಿದುಹೋಗುತ್ತಾ?"

ಪರದೆ ನಿಶ್ಶಬ್ದವಾಯಿತು. ಒಂದು ಮುಖವೂ ಅಲುಗಲಿಲ್ಲ. ಪೆನ್ಸಿಲು ಕಚ್ಚಿದವನು ಕಚ್ಚಿಕೊಂಡೇ ಇದ್ದ, ಜಡೆ ಸುತ್ತುತ್ತಿದ್ದ ಹುಡುಗಿಯ ಬೆರಳು ಜಡೆಯಲ್ಲೇ ನಿಂತಿತ್ತು. ಹೆಡ್‌ಮಿಸ್ಸು ಗಲ್ಲಕ್ಕೆ ಕೈಕೊಟ್ಟವರು ಕಲ್ಲಿನ ಹಾಗೆ ಕೂತಿದ್ದರು. ಲೈನು ಹೋಯಿತು, ಎಂದುಕೊಂಡಳು. ಅರ್ಧ ಕೊಟ್ಟರೂ ಹೋಯಿತು; ಮಾವ ಆ ಕೇಬಲ್ಲಿನ ತುದಿ ಹಿಡಿದು ನಿಂತದ್ದೂ ದಂಡವಾಯಿತು. ಇನ್ನು ಯಾರಿಗೆ ಏನೆಂದು ಮುಖ ತೋರಿಸಲಿ? ಎದ್ದು ಹಾಲಿಗೆ ಓಡಬೇಕೆಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಉತ್ತರ ಹೇಳ್ಬೇಡಿ ಟೀಚರ್" ಎಂದರು ಹೆಡ್‌ಮಿಸ್ಸು, ಗಲ್ಲದಿಂದ ಕೈ ತೆಗೆಯದೆ. "ನಾಳೆ ಕ್ಲಾಸಲ್ಲಿ ಹೇಳಿ. ನಾನೂ ಯೋಚನೆ ಮಾಡ್ತಾ ಇದ್ದೀನಿ."

ಅವಳು ಕುರ್ಚಿಯನ್ನು ಮತ್ತೆ ಮೇಜಿಗೆ ಎಳೆದುಕೊಂಡು ಕೂತಳು. ಮಕ್ಕಳು ಇನ್ನೂ ಹಾಗೇ ಇದ್ದರು, ಒಬ್ಬೊಬ್ಬರೂ ಹುಬ್ಬು ಗಂಟಿಕ್ಕಿಕೊಂಡು. ಯೋಚಿಸಲಿ, ಎಷ್ಟು ಹೊತ್ತು ಬೇಕಾದರೂ ಯೋಚಿಸಲಿ. ಲೈನು ಎಲ್ಲಿಗೂ ಹೋಗುವುದಿಲ್ಲ.